ತೂಕ ಇಳಿಯದ ಏಳನೇ ಮೂಟೆ

ದಳವಾಯಿ ಬೆಳಗಿನಿಂದ ತೂಕದ ಮನೆಯಲ್ಲಿ ಒಂದು ಮೂಟೆಯೊಳಗೆ ಕೂತಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ತಲೆ ಮತ್ತು ಮೀಸೆ ಮಾತ್ರ.

"ಅಕ್ಕ, ಇನ್ನೆಷ್ಟು ಹೊತ್ತು? ಕಾಲು ಜೋಮು ಹಿಡೀತು."

"ಬಿಸಿಲು ನೆತ್ತಿಗೆ ಬರ್ಲಿ. ಅಲ್ಲೀವರೆಗೂ ಅಲ್ಲಾಡ್ಬೇಡಿ," ಎಂದಳು ತೂಕದಕ್ಕ. "ಮೂಟೆಗಳು ಮಾತಾಡಲ್ಲ, ದಳವಾಯಿಗಳೇ."

"ನನ್ನ ಪಡೆಯೋರು ಯಾರಾದ್ರೂ ಈ ಅವಸ್ಥೇಲಿ ನೋಡಿದ್ರೆ ನನ್ನ ಮಾನ ಮೂರು ಕಾಸಿಗೆ ಹರಾಜು."

"ನನ್ನ ತಮ್ಮನ ಪ್ರಾಣಕ್ಕಿಂತ ನಿಮ್ಮ ಮಾನ ದೊಡ್ಡದಾ?"

ದಳವಾಯಿ ತಲೆಯನ್ನು ಮೂಟೆಯೊಳಕ್ಕೆ ಎಳೆದುಕೊಂಡ. ಆ ತಮ್ಮನ ಕೈಗೆ ಹಗ್ಗ ಬಿಗಿದವನು ಅವನೇ. ಬಿಗಿಯುವಾಗ ಅವನ ಕಣ್ಣಲ್ಲಿ ನೀರು ಬಂದಿತ್ತಂತೆ. ಬಂದರೇನು, ಗಂಟೇನೂ ಸಡಿಲವಾಗಿರಲಿಲ್ಲ.

ಮೂರು ದಿನದ ಹಿಂದೆ ಅರಮನೆಯಿಂದ ಹದಿನೆಂಟರ ಅರಸಿ ಮಾಯವಾಗಿದ್ದಳು. ಅವಳನ್ನು ಬಟ್ಟೆ ಮೂಟೆಯಲ್ಲಿ ಗಡಿ ದಾಟಿಸಿದನೆಂಬ ಆರೋಪ ಕಣಿವೆ ಬಾಗಿಲ ಕಾವಲುಗಾರ ಕೊಕ್ಕರೆಯ ತಲೆಗೆ ಬಂದಿತ್ತು. ಕೊಕ್ಕರೆ ತೂಕದಕ್ಕನ ಒಬ್ಬನೇ ತಮ್ಮ. ಉದ್ದ ಕಾಲಿನವನಾದ್ದರಿಂದ ಆ ಹೆಸರು. ಇವತ್ತು ಸೂರ್ಯ ಪಡುವಣ ಗುಡ್ಡ ಮುಟ್ಟಿದ ಕೂಡಲೇ ಅವನನ್ನು ಹಿಮದ ದಾರಿಗೆ ಅಟ್ಟುವುದೆಂದು ಅಪ್ಪಣೆಯಾಗಿತ್ತು. ಆ ದಾರಿಯಲ್ಲಿ ಹೋದವರನ್ನು ಕಂಡವರುಂಟು, ತಿರುಗಿ ಬಂದವರನ್ನು ಯಾರೂ ಕಂಡಿಲ್ಲ.

ತೂಕದಕ್ಕ ಮೂರು ದಿನದಿಂದ ನಿದ್ದೆ ಮಾಡದಿದ್ದದ್ದು ಅಷ್ಟಕ್ಕೇ ಅಲ್ಲ. ತಮ್ಮನನ್ನು ಹಿಡಿದುಕೊಟ್ಟವಳು ಅವಳೇ.

ಈ ಪುಟ್ಟ ಸಂಸ್ಥಾನಕ್ಕೆ ಅನ್ನ ಹಾಕುತ್ತಿದ್ದದ್ದು ಮಂಜು. ತುದಿಯಲ್ಲಿ ಅರಮನೆ, ಕೆಳಗೆ ಸಂತೆಯ ಪೇಟೆ, ಎರಡರ ನಡುವಿನ ಇಳಿಜಾರಿನಲ್ಲಿ ನೇಕಾರರ ಕೇರಿ. ನಸುಕಿನಲ್ಲಿ ಕಣಿವೆಯಿಂದ ಏಳುವ ಮಂಜನ್ನು ಆ ಕೇರಿಯವರು ಮರದ ಹಣಿಗೆಗಳಲ್ಲಿ ಬಾಚಿ, ನೂಲು ತೆಗೆದು, ಮಗ್ಗಕ್ಕೆ ಹಾಕುತ್ತಾರೆ. ಬಯಲು ಸೀಮೆಯ ವರ್ತಕರು ಆ ಬಟ್ಟೆಗೆ ಪ್ರಾಣ ಬಿಡುತ್ತಾರೆ. ಕಡು ಬೇಸಿಗೆಯಲ್ಲೂ ಹೊದ್ದರೆ ಮೈ ತಣ್ಣಗಿರುತ್ತದೆ.

ಆದರೆ ಮಂಜಿನ ಬಟ್ಟೆಗೊಂದು ಚಾಳಿಯುಂಟು. ಬೆಳಗ್ಗೆ ನೀರು ಕುಡಿದು ಭಾರವಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಾಲು ಭಾಗ ಇಳಿಯುತ್ತದೆ. ಅದಕ್ಕೇ ಎರಡು ತೂಕ. ಬೆಳಗ್ಗೆ ಪೇಟೆಯ ಈ ತೂಕದ ಮನೆಯಲ್ಲಿ ಒಮ್ಮೆ, ಗಾಡಿ ಕಣಿವೆ ಬಾಗಿಲು ಮುಟ್ಟಿದಾಗ ಮಧ್ಯಾಹ್ನ ಅಲ್ಲಿ ಇನ್ನೊಮ್ಮೆ. ಕಾವಲುಗಾರ ತೂಗಿ ಚೀಟಿ ಬರೆದು ಕಳಿಸುತ್ತಾನೆ. ಸಂಜೆ ಎರಡೂ ಚೀಟಿ ಪಕ್ಕಪಕ್ಕ ಇಟ್ಟು ನೋಡುವುದು ತೂಕದಕ್ಕನ ಕೆಲಸ.

ಅರಸಿ ಕಾಣೆಯಾದ ಸಂಜೆಯೂ ನೋಡಿದ್ದಳು. ಎಂಟು ಮೂಟೆಗಳಲ್ಲಿ ಏಳು ಲಕ್ಷಣವಾಗಿ ಇಳಿದಿದ್ದವು. ಏಳನೆಯದು ಬೆಳಗ್ಗೆ ಹನ್ನೆರಡು ಮಣ, ಮಧ್ಯಾಹ್ನವೂ ಹನ್ನೆರಡು ಮಣ. 'ಏಳನೇ ಮೂಟೆ ಇಳಿದಿಲ್ಲ' ಎಂದು ಅವಳು ಕೆಂಪು ಶಾಯಿಯಲ್ಲಿ ಬರೆದು ಅರಮನೆಗೆ ಕಳಿಸಿದಳು. ಇಪ್ಪತ್ತೆರಡು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಆ ಸಾಲು ತನ್ನ ತಮ್ಮನ ಕುತ್ತಿಗೆ ಸುತ್ತಿಕೊಳ್ಳುತ್ತದೆ ಎಂದು ಅವಳಿಗೇನು ಗೊತ್ತು?

ಅರಸಿಯ ಚಿಕ್ಕಪ್ಪ, ಊರೆಲ್ಲ ಚಿಕ್ಕದೊರೆ ಎಂದು ಕರೆಯುವವನು, ಚೀಟಿಯನ್ನು ಕೈಯಲ್ಲಿ ಹಿಡಿದು ಸಭೆಗೆ ಹೇಳಿದ್ದ: "ಬಟ್ಟೆ ಇಳಿಯುತ್ತೆ, ಮನುಷ್ಯರು ಇಳಿಯಲ್ಲ. ಮೂಟೆಯೊಳಗೆ ನಮ್ಮ ಹುಡುಗಿ ಇದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿದೆ."

ಎಲ್ಲರೂ ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸಭೆ ಅದು.

ತೂಕದ ಮನೆಯ ನೆಲದ ಮೇಲೆ ಬಿಸಿಲು ಸಣ್ಣ ಚೌಕವಾಗಿ ಬಿತ್ತು. ಹೊತ್ತು ನೆತ್ತಿಗೆ ಬಂದಿತ್ತು.

"ತಕ್ಕಡಿ ಹತ್ತಿ," ಎಂದಳು ತೂಕದಕ್ಕ.

ದಳವಾಯಿ ಮೂಟೆಯ ಸಮೇತ ಕುಪ್ಪಳಿಸಿಕೊಂಡು ಹೋಗಿ, ಬಾಗಿಲಿನಷ್ಟು ಅಗಲವಿದ್ದ ಮರದ ತಟ್ಟೆಯ ಮೇಲೆ ದೊಪ್ಪನೆ ಕೂತ. ತೊಲೆಯಿಂದ ನೇತುಬಿದ್ದ ದೊಡ್ಡ ತಕ್ಕಡಿ ಕಿರುಗುಟ್ಟಿತು. ಬೆಳಗ್ಗೆ ತೂಗಿದಾಗ ದಳವಾಯಿ ಎಂಟು ಮಣ, ಅವನಿಗೆ ಸುತ್ತಿದ ಮಂಜಿನ ಬಟ್ಟೆ ನಾಲ್ಕು ಮಣ, ಒಟ್ಟು ಹನ್ನೆರಡು. ಈಗ ತೂಕದಕ್ಕ ಮಣದ ಕಲ್ಲುಗಳನ್ನು ಒಂದೊಂದಾಗಿ ಇಟ್ಟಳು. ಹನ್ನೊಂದನೆಯ ಕಲ್ಲಿಗೆ ಮುಳ್ಳು ನೆಟ್ಟಗೆ ನಿಂತಿತು.

ಅವಳು ಆ ಮುಳ್ಳನ್ನೇ ನೋಡುತ್ತ ನಿಂತಳು.

"ಏನಾಯ್ತು? ನಾನು ಸಣ್ಣ ಆದ್ನಾ?"

"ನೀವು ಈ ಜನ್ಮದಲ್ಲಿ ಸಣ್ಣ ಆಗಲ್ಲ. ಬಟ್ಟೆ ಒಂದು ಮಣ ಇಳೀತು." ಅವಳು ಹನ್ನೊಂದನೆಯ ಕಲ್ಲು ತಟ್ಟಿ ತೋರಿಸಿದಳು. "ಅರ್ಥ ಆಯ್ತಾ? ಒಳಗೆ ಮನುಷ್ಯರಿದ್ರೂ ಸುತ್ತಿರೋ ಬಟ್ಟೆ ಇಳಿದೇ ಇಳಿಯುತ್ತೆ. ನಿಮ್ಮಂಥ ಗಜಗಾತ್ರದೋರನ್ನ ಕಟ್ಟಿದ್ರೂ ಒಂದು ಮಣ ಹೋಯ್ತು. ಅರಸಿ ನಾಲ್ಕು ಮಣ ಇದ್ದಾರೋ ಇಲ್ವೋ. ಅವರನ್ನ ಕಟ್ಟಿದ್ರೆ ಎರಡು ಮಣ ಇಳೀಬೇಕಿತ್ತು. ಏಳನೇ ಮೂಟೆ ಒಂದು ಗುಲಗಂಜಿ ತೂಕಾನೂ ಇಳೀಲಿಲ್ಲ!"

"ಹಾಗಾದ್ರೆ?"

"ಅದರಲ್ಲಿ ಅರಸಿನೂ ಇರ್ಲಿಲ್ಲ, ಮಂಜಿನ ಎಳೆನೂ ಇರ್ಲಿಲ್ಲ. ಇದ್ದದ್ದು ಬೇರೆ ಏನೋ, ಬಿಸಿಲಿಗೆ ಒಣಗದ್ದು."

ದಳವಾಯಿ ಮೂಟೆಯಿಂದ ಕೈ ಹೊರಗೆ ತೆಗೆಯಲು ಹೆಣಗಾಡಿದ. "ಅಂದ್ರೆ ನಿಮ್ಮ ತಮ್ಮ..."

"ನನ್ನ ತಮ್ಮ ಪೆದ್ದ. ಕಳ್ಳ ಆಗಿದ್ರೆ ಚೀಟೀಲಿ ಒಂಬತ್ತು ಅಂತ ಬರೆದು ಕಳಿಸ್ತಿದ್ದ, ನಾನೂ ನಂಬ್ತಿದ್ದೆ. ಕಂಡಿದ್ದನ್ನ ಬರೆದ ಪಾಪಕ್ಕೆ ಹಗ್ಗ ಬಿತ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಏಳಿ. ಏಳನೇ ಮೂಟೆ ಮೇಲೆ ಮೂರು ಗಂಟಿನ ಗುರುತಿತ್ತು. ಅದು ಮಗ್ಗದಜ್ಜೀದು."

"ಅಜ್ಜಿ ಮನೇನ ನಾನೇ ಮೂರು ಸಲ ಹುಡುಕಿದ್ದೀನಿ ಅಕ್ಕ."

"ನಾಲ್ಕನೇ ಸಲ ಹುಡುಕೋಣ. ಮೊದಲು ಆ ಮೂಟೆಯಿಂದ ಹೊರಗೆ ಬನ್ನಿ."

ನೇಕಾರರ ಕೇರಿ ಮಧ್ಯಾಹ್ನ ಮಲಗಿರುತ್ತದೆ. ಇಲ್ಲಿಯವರು ಇರುಳಿನ ಕೊನೆ ಜಾವಕ್ಕೇ ಎದ್ದು ಮಂಜಿಗೆ ಕಾಯುವ ಜನ. ಓಣಿಯ ಎರಡೂ ಬದಿ ಹಣಿಗೆಗಳು ಗೋಡೆಗೆ ಒರಗಿದ್ದವು, ಬೆಕ್ಕುಗಳು ಅವುಗಳ ನೆರಳಲ್ಲಿ ಕಾಲು ಚಾಚಿದ್ದವು. ಮೆಟ್ಟಿಲು ಹತ್ತುವಷ್ಟರಲ್ಲಿ ದಳವಾಯಿಗೆ ಏದುಸಿರು. ತೂಕದಕ್ಕ ಹಿಂದೆ ನೋಡಲೂ ಇಲ್ಲ.

ಮಗ್ಗದಜ್ಜಿ ಬಾಗಿಲಲ್ಲೇ ಕೂತು ಲಾಳಿಗೆ ಎಣ್ಣೆ ಹಚ್ಚುತ್ತಿದ್ದಳು. ಎಂಬತ್ತರ ಮುದುಕಿ, ಬೆನ್ನು ಬಾಗಿತ್ತು, ನಾಲಿಗೆ ನೆಟ್ಟಗಿತ್ತು. ಅರಸಿಯನ್ನು ತೊಡೆಯ ಮೇಲೆ ಆಡಿಸಿ ಬೆಳೆಸಿದವಳು ಅವಳೇ.

"ಬಾರಪ್ಪ ದಳವಾಯಿ. ಮತ್ತೆ ನನ್ನ ಪಾತ್ರೆ ಪಡಗ ಎಣಿಸೋಕೆ ಬಂದ್ಯಾ?"

"ಅಜ್ಜಿ," ಎಂದಳು ತೂಕದಕ್ಕ, "ಏಳನೇ ಮೂಟೇಲಿ ಏನು ಕಟ್ಟಿದ್ರಿ?"

"ಬಟ್ಟೆ ಕಣೇ. ನೇಕಾರಳು ಬಟ್ಟೆ ಕಟ್ಟದೆ ಬದನೆಕಾಯಿ ಕಟ್ತಾಳಾ?"

"ಯಾವ ಬಟ್ಟೆ?"

ಲಾಳಿಯ ಮೇಲೆ ಅಜ್ಜಿಯ ಬೆರಳು ನಿಂತಿತು. ಒಂದೇ ಗಳಿಗೆ. ಆದರೆ ತೂಕದಕ್ಕನ ಕಣ್ಣು ಮುಳ್ಳು ಅಲ್ಲಾಡುವುದನ್ನು ನೋಡಿ ಪಳಗಿದ ಕಣ್ಣು.

"ಬೆಳಗ್ಗೆ ಹನ್ನೆರಡು ಮಣ ಸರಿಯಾಗಿ ತೂಗಿಸಿಕೊಟ್ರಿ. ಮಧ್ಯಾಹ್ನ ಹನ್ನೆರಡೇ ಇತ್ತು. ಅದು ಉಣ್ಣೆ ತಾನೇ? ಕುರಿಗಾಹಿಗಳು ಚಳಿಗಾಲಕ್ಕೆ ಅಂತ ನಿಮ್ಮ ಅಟ್ಟದಲ್ಲಿ ಇಟ್ಟು ಹೋಗೋ ಕಂಬಳಿ."

"ಉಣ್ಣೆ ಆದ್ರೆ ಏನೀಗ? ಅದೂ ಕಾಲು ಭಾಗ ಇಳಿಯುತ್ತಲ್ಲ!"

ಹೇಳಿಬಿಟ್ಟ ಮೇಲೆ ಅಜ್ಜಿ ನಾಲಿಗೆ ಕಚ್ಚಿಕೊಂಡಳು.

ತೂಕದಕ್ಕನಿಗೆ ಮೂರು ದಿನದಲ್ಲಿ ಮೊದಲ ಬಾರಿ ನಗು ಬಂತು. ಅರವತ್ತು ವರ್ಷ ಮಂಜು ಬಿಟ್ಟು ಬೇರೆ ನೂಲು ಮುಟ್ಟದ ಕೈ. ಲೋಕದ ಬಟ್ಟೆಯೆಲ್ಲ ಮಧ್ಯಾಹ್ನಕ್ಕೆ ಹಗುರಾಗುತ್ತದೆ ಎಂದೇ ಆ ಮುದುಕಿ ನಂಬಿದ್ದಳು. ಬೇರೆ ಯಾವ ದೇಶದ ಕಳ್ಳಿಯೂ ಇಂಥ ತಪ್ಪು ಮಾಡಲಾರಳು.

"ಇಳಿಯಲ್ಲ ಅಜ್ಜಿ. ಉಣ್ಣೆ ಎಷ್ಟು ಹೊತ್ತಾದ್ರೂ ಉಣ್ಣೇನೇ."

"ಇಳಿಯಲ್ವಾ?" ಅಜ್ಜಿಗೆ ನಿಜವಾಗಿಯೂ ಬೇಸರವಾಯಿತು. "ಎಂಥ ಮೊಂಡು ಬಟ್ಟೆ ಅದು!"

"ಹನ್ನೆರಡು ಮಣ ಮಂಜಿನ ಬಟ್ಟೆ ನಿಮ್ಮ ಮನೇಲೇ ಉಳೀತು. ಅದೆಲ್ಲಿದೆ?"

ಅಜ್ಜಿ ಮತ್ತೆ ಲಾಳಿಗೆ ಎಣ್ಣೆ ಹಚ್ಚತೊಡಗಿದಳು. ಉತ್ತರದ ಅಗತ್ಯವೂ ಇರಲಿಲ್ಲ. ಅಂಥ ಬಟ್ಟೆಯನ್ನು ಬಿಸಿಲು ತಾಗದ ತಣ್ಣನೆ ಕೋಣೆಯಲ್ಲೇ ಇಡಬೇಕು, ಆ ಮನೆಯಲ್ಲಿ ಅಂಥ ಕೋಣೆ ಇದ್ದದ್ದು ಒಂದೇ. ತೂಕದಕ್ಕ ಒಳಗೆ ನಡೆದು ಮಗ್ಗದ ಹಿಂದಿನ ಬಾಗಿಲು ತೆರೆದರೆ ಬರೀ ಬೆಳ್ಳಗೆ. ಸೂರಿನಿಂದ ನೆಲದವರೆಗೆ ಪದರ ಪದರವಾಗಿ ಬಟ್ಟೆ ಇಳಿಬಿಟ್ಟಿತ್ತು, ಒಂದೊಂದು ಪದರವೂ ಸಣ್ಣಗೆ ಹೊಗೆಯಾಡುತ್ತಿತ್ತು. ಎಷ್ಟು ಅಗಲ, ಎಷ್ಟು ಉದ್ದ, ಒಂದೂ ತಿಳಿಯುವಂತಿರಲಿಲ್ಲ.

"ಇದರೊಳಗೆ ನಾನೇ ಹೋಗಿದ್ದೆ," ಎಂದು ಪಿಸುಗುಟ್ಟಿದ ದಳವಾಯಿ. "ನೆಟ್ಟಗೆ ಹತ್ತು ಹೆಜ್ಜೆ ಇಟ್ಟೆ. ನೋಡಿದ್ರೆ ಇದೇ ಬಾಗಿಲಿಂದ ಹೊರಗೆ ಬಂದಿದ್ದೆ. ಮೀಸೆ ಒಂದು ಒದ್ದೆ ಆಗಿತ್ತು ಅಷ್ಟೇ."

ಮಂಜಿನ ಗುಣವೇ ಅದು. ಒಳಗೆ ನುಗ್ಗಿದವರನ್ನು ಮೆಲ್ಲಗೆ ತಿರುಗಿಸಿ ಹೊರಗೆ ಕಳಿಸುತ್ತದೆ. ತೂಕದಕ್ಕ ಹೊಸ್ತಿಲು ದಾಟಲಿಲ್ಲ. ಅಜ್ಜಿಯ ಕಡೆ ನೋಡಲೂ ಇಲ್ಲ. ಆ ಬಿಳುಪಿಗೇ ಮಾತಾಡಿದಳು.

"ನಾನು ತೂಕದ ಮನೆಯವಳು. ನೀವು ಯಾಕೆ ಹೋದ್ರಿ ಅಂತ ನನಗೆ ಬೇಡ. ಕಣಿವೆ ಬಾಗಿಲ ಕಾವಲುಗಾರನನ್ನ ಇವತ್ತು ಸೂರ್ಯ ಗುಡ್ಡ ಮುಟ್ಟಿದ ಕೂಡ್ಲೇ ಹಿಮದ ದಾರಿಗೆ ತಳ್ತಾರೆ. ನಿಮ್ಮನ್ನ ಗಡಿ ದಾಟಿಸಿದ ಅಂತ. ಅವನು ನನ್ನ ತಮ್ಮ. ಇಷ್ಟೇ ಹೇಳೋಕೆ ಬಂದೆ."

ಬಟ್ಟೆಯಿಂದ ಒಂದು ಹನಿ ನೆಲಕ್ಕೆ ಬಿತ್ತು. ತೂಕದಕ್ಕ ಮನಸ್ಸಿನಲ್ಲೇ ಮಣಗಳನ್ನು ಮತ್ತೆ ಕೂಡಿಸಿದಳು. ತನ್ನ ಲೆಕ್ಕ ತಪ್ಪಿದ್ದರೆ? ಇಷ್ಟೆಲ್ಲ ಮಾಡಿ ಇದು ಬರೀ ಬಟ್ಟೆಯ ಕೋಣೆಯಾಗಿದ್ದರೆ?

"ಕೊಕ್ಕರೆಯಣ್ಣನ್ನಾ?" ಎಂದಿತು ಒಂದು ದನಿ.

ಎಲ್ಲಿಂದ ಬಂತೋ ಗೊತ್ತಾಗಲಿಲ್ಲ. ಮರುಗಳಿಗೆ ಪದರಗಳು ಸರಿದವು, ಹದಿನೆಂಟರ ಒಂದು ಹುಡುಗಿ ಹೊರಗೆ ಬಂದಳು. ಕೂದಲು ಮುಖಕ್ಕೆ ಅಂಟಿತ್ತು, ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

"ಕೊಕ್ಕರೆಯಣ್ಣನ್ನ ಹಿಡಿದ್ರಾ? ಅವನೇನು ಮಾಡಿದ್ದ? ಅಜ್ಜಿ, ನೀನು ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೊರಗೆ ಬಂದ್ಬಿಡ್ತಿದ್ದೆ ಪುಟ್ಟಿ," ಎಂದಳು ಅಜ್ಜಿ ತಲೆ ತಗ್ಗಿಸಿ. "ಇವತ್ತೊಂದು ದಿನ ಕಳೆದ್ರೆ ಆಗ್ತಿತ್ತು."

ದಳವಾಯಿ ಮಂಡಿಯೂರಲು ಹೋಗಿ ಪೂರ್ತಿ ಕೂತೇಬಿಟ್ಟ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವನು ಅವನು. ನಾನೂರು ಜನರ ಪಡೆ ಮೂರು ದಿನದಿಂದ ಗುಡ್ಡ ಬೆಟ್ಟ ತಡಕುತ್ತಿತ್ತು.

ತೂಕದಕ್ಕ ಮಗ್ಗದ ಕಂಬ ಹಿಡಿದುಕೊಂಡಳು. ಹೋದ ಜೀವ ಬಂದಂತಾಯಿತು. ಅಳು ಬಂತು, ಅದರ ಬೆನ್ನಿಗೇ ನಗು ಬಂತು, ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಎರಡನ್ನೂ ಮಾಡಿದಳು. ಆಮೇಲೆ ತನ್ನ ಹೊದಿಕೆ ಬಿಚ್ಚಿ ಅರಸಿಗೆ ಸುತ್ತಿದಳು. ಅರಸಿ ಎನ್ನುವುದು ಮರೆತು ಮಗುವಿಗೆ ಉಜ್ಜಿದ ಹಾಗೆ ಅವಳ ಬೆನ್ನು ಉಜ್ಜಿದಳು.

"ನನ್ನನ್ನ ಬಯ್ಯಿ ಅಕ್ಕ," ಎಂದಳು ಅರಸಿ.

"ಆಮೇಲೆ ಬಯ್ತೀನಿ. ಮೊದಲು ಬೆಚ್ಚಗಾಗಿ."

ಒಲೆಯ ಮುಂದೆ ಕೂತು, ಬಿಸಿನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಹೇಳಿದಳು. ಚಿಕ್ಕಪ್ಪ ಬಯಲು ಸೀಮೆಯ ವರ್ತಕರ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದ. ಕಣಿವೆಯ ಬಾಯಿಗೆ ಅಡ್ಡಲಾಗಿ ಗೋಡೆ ಎದ್ದು ನೀರು ನಿಲ್ಲಬೇಕು. ನೀರು ಅವರಿಗೆ, ಸುಂಕವಿಲ್ಲದ ದಾರಿಯೂ ಅವರಿಗೆ. ಗೋಡೆ ಎದ್ದರೆ ಮಂಜು ಮೇಲೆ ಹತ್ತುವುದಿಲ್ಲ, ಮಂಜಿಲ್ಲದ ಮೇಲೆ ನೇಕಾರರ ಕೇರಿ ಎಲ್ಲಿಯದು? ಆದರೆ ಮುದ್ರೆ ಒತ್ತಬೇಕಾದವಳು ಅರಸಿ. ವರ್ತಕರು ಇವತ್ತು ಸಂಜೆಗೆ ಹೊರಡುತ್ತಾರೆ. ಅಲ್ಲಿವರೆಗೆ ಅವಳು ಸಿಗದಿದ್ದರೆ ಒಪ್ಪಂದ ಬಿದ್ದುಹೋಗುತ್ತದೆ.

"ಎದುರು ನಿಂತು ಆಗಲ್ಲ ಅನ್ಬಹುದಿತ್ತಲ್ಲ?" ಎಂದ ದಳವಾಯಿ.

"ಮೂರು ಸಲ ಅಂದೆ. ಮೂರನೇ ಸಲ ನನ್ನ ಕೋಣೆಗೆ ಹೊರಗಿನಿಂದ ಚಿಲಕ ಬಿತ್ತು. ಬೆಳಗಿನ ಮಂಜಲ್ಲಿ ಅಜ್ಜಿ ಬಟ್ಟೆ ಹೊದ್ದು ಕಿಟಕಿಯಿಂದ ಇಳಿದೆ. ನಿಮ್ಮ ಪಡೆಯೋರ ನಡುವೇನೇ ನಡೆದು ಬಂದೆ. ಒಬ್ಬ ಆಕಳಿಸ್ತಿದ್ದ."

ದಳವಾಯಿ ಮೀಸೆ ತಿರುವುವುದನ್ನು ನಿಲ್ಲಿಸಿದ.

ತೂಕದಕ್ಕ ಕಿಟಕಿಯಿಂದ ಹೊತ್ತು ನೋಡಿದಳು. ಸೂರ್ಯನಿಗೂ ಗುಡ್ಡಕ್ಕೂ ನಡುವೆ ಇನ್ನೂ ಎರಡು ಮೊಳ ಆಕಾಶವಿತ್ತು. ಸಾಕು, ಧಾರಾಳ ಸಾಕು. ಅರಸಿ ಬದುಕಿದ್ದಾಳೆ, ಗಡಿ ದಾಟಿಲ್ಲ, ದಳವಾಯಿಯೇ ಕಣ್ಣಾರೆ ಕಂಡಿದ್ದಾನೆ. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಮೇಲೆ ಹಸಿವು ಅನ್ನುವುದೊಂದಿದೆ ಎಂದು ಅವಳಿಗೆ ನೆನಪಾಯಿತು. ಅಜ್ಜಿ ರೊಟ್ಟಿ ಕೊಟ್ಟಳು. ನಿಂತಲ್ಲೇ ಎರಡು ತಿಂದಳು.

ಅರಸಿ ಒಣಗಿದ ಬಟ್ಟೆ ಉಡಲು ಒಳಗೆ ಹೋದಳು.

ಆಗಲೇ ಓಣಿಯಲ್ಲಿ ಯಾರೋ ಮೆಟ್ಟಿಲನ್ನು ಮೂರು ಮೂರಾಗಿ ದಾಟಿ ಬರುವ ಸದ್ದಾಯಿತು. ಅಷ್ಟು ಉದ್ದ ಹೆಜ್ಜೆ ಹಾಕುವವನು ಈ ಸಂಸ್ಥಾನದಲ್ಲಿ ಒಬ್ಬನೇ.

"ಅಕ್ಕ! ನೀನು ಇಲ್ಲಿ ಬಂದೆ ಅಂತ ಪೇಟೇಲಿ ಹೇಳಿದ್ರು!"

ಕೊಕ್ಕರೆ ಬಾಗಿಲಿಗೆ ತಲೆ ಬಡಿದುಕೊಂಡೇ ಒಳಗೆ ಬಂದ. ಮಣಿಕಟ್ಟಿನಲ್ಲಿ ಹಗ್ಗದ ಕೆಂಪು ಬರೆ, ಮುಖದ ತುಂಬ ಹಲ್ಲು. ತೂಕದಕ್ಕ ಕೈಯಲ್ಲಿದ್ದ ರೊಟ್ಟಿ ಬಿಸಾಕಿ ಅವನನ್ನು ತಬ್ಬಿಕೊಂಡಳು, ಆಮೇಲೆ ಬೆನ್ನಿಗೆ ಎರಡು ಗುದ್ದಿದಳು, ಮತ್ತೆ ತಬ್ಬಿಕೊಂಡಳು.

"ಬಿಟ್ರೇನೋ? ಯಾರೋ ಬಿಟ್ಟಿದ್ದು?"

"ಅರಸಿಯೋರೇ ಬಿಡಿಸಿದ್ರು ಅಕ್ಕ! ಮಧ್ಯಾಹ್ನ ವಾಪಸ್ ಬಂದ್ರಲ್ಲ. ಗದ್ದುಗೆ ಮೇಲೆ ಕೂತಿದ್ದಾರೆ!"

ಒಲೆಯಲ್ಲಿ ಸೌದೆ ಚಟ್ ಎಂದಿತು. ಅಜ್ಜಿ ದಳವಾಯಿಯನ್ನು ನೋಡಿದಳು, ದಳವಾಯಿ ತೂಕದಕ್ಕನನ್ನು ನೋಡಿದ. ತೂಕದಕ್ಕ ತಮ್ಮನ ತೋಳು ಬಿಡದೆ ಕೇಳಿದಳು.

"ನೀನು ಕಣ್ಣಾರೆ ನೋಡಿದ್ಯಾ?"

"ನೋಡದೆ? ಸಭೆ ತುಂಬಿತ್ತು. ಚಿಕ್ಕದೊರೆಯೋರು ನನ್ನನ್ನ ಕರೆಸಿ, 'ದಿನಾ ಬಾಗಿಲಲ್ಲಿ ಇವರನ್ನ ನೋಡೋನು ನೀನು, ಎಲ್ಲರೆದುರು ಗುರುತು ಹೇಳು' ಅಂದ್ರು. ಹೇಳ್ದೆ. ಇವರೇ ನಮ್ಮ ಅರಸಿ ಅಂತ. ಸಾಕ್ಷಿ ಹಾಳೆಗೆ ಸಹಿನೂ ಹಾಕ್ದೆ. ಅಲ್ಲೇ ಹಗ್ಗ ಬಿಚ್ಚಿದ್ರು. ಎಷ್ಟು ಒಳ್ಳೆಯೋರು ನೋಡು!"

"ಮುಖ ನೋಡಿದ್ಯೇನೋ?"

"ಮುಸುಕು ಹಾಕ್ಕೊಂಡಿದ್ರು. ಜ್ವರ ಅಂತೆ, ಗಾಳಿ ಆಗಲ್ಲ ಅಂತೆ." ಕೊಕ್ಕರೆಯ ನಗು ಸ್ವಲ್ಪ ಸಣ್ಣದಾಯಿತು. "ಗದ್ದುಗೆ ಉಂಗುರ ಬೆರಳಲ್ಲಿತ್ತಲ್ಲ ಅಕ್ಕ. ಅದಿದ್ದ ಮೇಲೆ ಅವರೇ ತಾನೇ? ನನಗೆ ಹಗ್ಗ ಬಿಚ್ತಾರೆ ಅನ್ನೋದಷ್ಟೇ ಕಿವೀಲಿ ಇತ್ತು."

"ಆ ಉಂಗುರ ನಾನು ಹಾಸಿಗೆ ಪಕ್ಕ ಬಿಟ್ಟು ಬಂದಿದ್ದೆ," ಎಂದಳು ಅರಸಿ ಒಳಬಾಗಿಲಲ್ಲಿ ನಿಂತು.

ಕೊಕ್ಕರೆ ತಿರುಗಿ ನೋಡಿದ. ಮುಸುಕಿಲ್ಲದ ಮುಖ, ಒದ್ದೆ ಕೂದಲು, ದಿನವೂ ಬಾಗಿಲಲ್ಲಿ ಅವನಿಗೆ ಕೈ ಬೀಸುತ್ತಿದ್ದ ಹುಡುಗಿ. ಸಹಿ ಹಾಕಿದ ಕೈಯನ್ನು ಅವನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಗದ್ದುಗೆ ಎದುರು ಸುಳ್ಳು ಸಾಕ್ಷಿ..." ಎಂದು ಶುರುಮಾಡಿದ ದಳವಾಯಿ ಅಲ್ಲಿಗೇ ನಿಲ್ಲಿಸಿ ಮುಖ ಆಚೆ ತಿರುಗಿಸಿಕೊಂಡ.

ಉಳಿದದ್ದು ಎಲ್ಲರಿಗೂ ಗೊತ್ತಿತ್ತು. ಗಡಿಪಾರಾದವನಿಗೆ ಹಿಮದಲ್ಲಿ ನಡೆಯಲು ಎರಡು ಕಾಲಾದರೂ ಉಳಿಯುತ್ತವೆ. ಗದ್ದುಗೆಯ ಎದುರು ಸುಳ್ಳು ಹೇಳಿ ಸಹಿ ಹಾಕಿದವನಿಗೆ ಅದೇ ದಿನ ನೇಣು, ಗೊತ್ತಿದ್ದು ಹೇಳಿದನೋ ಗೊತ್ತಿಲ್ಲದೆ ಹೇಳಿದನೋ ಎಂದು ಯಾರೂ ಕೇಳುವುದಿಲ್ಲ.

ಅರಸಿ ಹೊದಿಕೆಯನ್ನು ಭುಜಕ್ಕೆ ಎಳೆದುಕೊಂಡಳು. "ನಡೀರಿ. ಆ ಮುಸುಕಿನೋಳು ಒಪ್ಪಂದಕ್ಕೆ ಮುದ್ರೆ ಒತ್ತೋ ಮುಂಚೆ ನಾನು ಸಭೇಲಿ ನಿಲ್ಬೇಕು. ಇಲ್ದಿದ್ರೆ ಈ ಕೇರೀನೇ ಇರಲ್ಲ. ಕೊಕ್ಕರೆಯಣ್ಣನ್ನ ನಾನು ಹೇಗಾದ್ರೂ..."

ಅವಳು ಸಭೆಯಲ್ಲಿ ಮುಖ ತೋರಿಸಿದ ಗಳಿಗೆಗೇ ಅವನ ಸಾಕ್ಷಿ ಸುಳ್ಳಾಗುತ್ತಿತ್ತು. ಹೇಗೆ ಉಳಿಸುವುದೆಂದು ಅವಳಿಗೂ ಗೊತ್ತಿರಲಿಲ್ಲ. ದಳವಾಯಿ ಎದ್ದು ಸೊಂಟಪಟ್ಟಿ ಬಿಗಿದ. ಕಿಟಕಿಯ ಆಚೆ ಗುಡ್ಡಕ್ಕೂ ಸೂರ್ಯನಿಗೂ ನಡುವೆ ಈಗ ಒಂದೇ ಮೊಳ ಉಳಿದಿತ್ತು.

ತೂಕದಕ್ಕ ತಮ್ಮನನ್ನು ನೋಡಿದಳು. ಆಮೇಲೆ ನಾಲ್ಕು ಹೆಜ್ಜೆ ನಡೆದು, ಬೀದಿ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಚೌಕಟ್ಟು ಹಿಡಿದು ನಿಂತಳು.

"ಅಕ್ಕ, ದಾರಿ ಬಿಡಿ," ಎಂದಳು ಅರಸಿ.

ತೂಕದಕ್ಕ ಬಿಡಲಿಲ್ಲ.